ಎರಡು ಮೀಟರ್ ಎಳೆ, ಕಾಣದಷ್ಟು ಚಿಕ್ಕ ಮನೆ

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹೆಬ್ಬೆರಳಿನಷ್ಟು ಗೂಡಿನೊಳಗೆ ನೂರಾರು ಮೀಟರ್ ನೂಲು ಅಡಗಿರುತ್ತದೆ. ಬಿಚ್ಚುವ ಬಗೆ ತಿಳಿದವರಿಗೆ ಅದು ಸಿಕ್ಕಿಲ್ಲದೆ ಬರುತ್ತದೆ. ಇದಕ್ಕಿಂತ ದೊಡ್ಡ ಸೋಜಿಗ ನಮ್ಮ ದೇಹದಲ್ಲೇ ಇದೆ.

ನಮ್ಮ ಒಂದೊಂದು ಜೀವಕೋಶದಲ್ಲಿರುವ ಡಿ.ಎನ್.ಎ. ಎಳೆಗಳನ್ನು ತುದಿಗೆ ತುದಿ ಸೇರಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದು ಇರುವ ಕೋಶಕೇಂದ್ರದ ಅಗಲವೋ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕೋಶಕೇಂದ್ರವನ್ನು ಸಾವಿರ ಪಟ್ಟು ಹಿಗ್ಗಿಸಿ ಬಟಾಣಿಕಾಳಿನಷ್ಟು ಮಾಡಿದೆವೆನ್ನಿ. ಆಗ ಆ ಕಾಳಿನೊಳಗೆ 2 ಕಿಲೋಮೀಟರ್ ಎಳೆ ಇರಬೇಕು! ಇದು ಹೇಗೆ ಸಾಧ್ಯ?

ಹಿಸ್ಟೋನ್ ಎಂಬ ಪ್ರೋಟೀನುಗಳೇ ಇದಕ್ಕೆ ಉತ್ತರ. 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಇವನ್ನು ಹೆಬ್ಬಾತಿನ ರಕ್ತದಲ್ಲಿ ಕಂಡುಹಿಡಿದರು. ನಮ್ಮ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿಲ್ಲ. ಹಕ್ಕಿಗಳ ರಕ್ತಕಣಗಳಲ್ಲಿ ಉಂಟು. ಡಿ.ಎನ್.ಎ.ಗೆ ಋಣ ವಿದ್ಯುದಂಶ, ಹಿಸ್ಟೋನಿಗೆ ಧನ ವಿದ್ಯುದಂಶ. ಆದುದರಿಂದ ಅವು ಒಂದನ್ನೊಂದು ಸೆಳೆದುಕೊಳ್ಳುತ್ತವೆ. ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡರಂತೆ, ಒಟ್ಟು ಎಂಟು ಸೇರಿ ಒಂದು ಉಂಡೆಯಾಗುತ್ತವೆ. ಅದರ ಸುತ್ತ ಡಿ.ಎನ್.ಎ. ಎಳೆ ಒಂದೂ ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಳ್ಳುತ್ತದೆ. ಇದೇ ನ್ಯೂಕ್ಲಿಯೋಸೋಮ್. ದಾರದಲ್ಲಿ ಪೋಣಿಸಿದ ಮಣಿಗಳಂತೆ ಇವು ಸಾಲಾಗಿರುತ್ತವೆ. ಐದನೆಯ ಬಗೆಯ ಹಿಸ್ಟೋನ್ ಸುತ್ತು ಸಡಿಲವಾಗದಂತೆ ಹಿಡಿಯುತ್ತದೆ. ಈ ರಚನೆಯನ್ನು 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ವಿವರಿಸಿದರು.

ಸುತ್ತಿಡುವುದಷ್ಟೇ ಹಿಸ್ಟೋನಿನ ಕೆಲಸವಲ್ಲ. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವುದು ಒಂದೇ ಡಿ.ಎನ್.ಎ. ಆದರೂ ಅವುಗಳ ಕೆಲಸ ಬೇರೆ ಬೇರೆ. ಏಕೆ? ಬೇಕಾದ ಭಾಗದ ಸುತ್ತು ಸಡಿಲವಾಗುತ್ತದೆ, ಬೇಡವಾದದ್ದು ಬಿಗಿಯಾಗಿಯೇ ಉಳಿಯುತ್ತದೆ. ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿಕೊಂಡರೆ ಅದರ ಧನ ವಿದ್ಯುದಂಶ ತಗ್ಗಿ ಹಿಡಿತ ಸಡಿಲುತ್ತದೆ. ಈ ಏರ್ಪಾಡು ಕೆಟ್ಟರೆ, ಮುಚ್ಚಿರಬೇಕಾದ ಭಾಗ ತೆರೆದುಕೊಂಡು ಕ್ಯಾನ್ಸರಿಗೂ ದಾರಿಯಾಗಬಹುದು. ಇದನ್ನು ಸರಿಪಡಿಸುವ ಕೆಲವು ಔಷಧಗಳು ಈಗ ಬಳಕೆಯಲ್ಲಿವೆ.

ಈ ವಿಷಯದಲ್ಲಿ ಕನ್ನಡ ನಾಡಿನ ಕೊಡುಗೆಯೂ ಇದೆ. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಡಾ. ಎಂ.ಆರ್.ಎಸ್. ರಾವ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಬಳಿಕ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ದುಡಿದರು. ವೀರ್ಯಾಣು ರೂಪುಗೊಳ್ಳುವಾಗ ಹೆಚ್ಚಿನ ಹಿಸ್ಟೋನುಗಳು ಹೊರಹೋಗಿ ಬೇರೆ ಪ್ರೋಟೀನುಗಳು ಆ ಸ್ಥಳಕ್ಕೆ ಬರುತ್ತವೆ. ಎಳೆ ಇನ್ನೂ ಬಿಗಿಯಾಗುತ್ತದೆ. ಈ ಬದಲಾವಣೆಯನ್ನು ಅವರು ಬಹುಕಾಲ ಅಭ್ಯಸಿಸಿದರು. 2010ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 2023ರಲ್ಲಿ ಅವರು ನಿಧನರಾದರು.

ಕೊನೆಗೊಂದು ಮಾತು. ಎಚ್4 ಎಂಬ ಹಿಸ್ಟೋನಿನಲ್ಲಿ 102 ಅಮೈನೋ ಆಮ್ಲಗಳಿವೆ. ಹಸುವಿನ ಎಚ್4ಕ್ಕೂ ಬಟಾಣಿ ಗಿಡದ ಎಚ್4ಕ್ಕೂ ಇರುವ ವ್ಯತ್ಯಾಸ ಎರಡೇ ಎರಡು! ಕೊಟ್ಟಿಗೆಯ ಹಸುವೂ ಹೊಲದ ಗಿಡವೂ ತಮ್ಮ ಎಳೆಯನ್ನು ಒಂದೇ ಬಗೆಯಲ್ಲಿ ಸುತ್ತಿಡುತ್ತವೆ. ವಿದ್ಯಾರ್ಥಿಗಳೇ, ನಾವೂ ಹಾಗೆಯೇ. ಜೀವಿಗಳೆಲ್ಲ ಬಂಧುಗಳೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?