ಕಾಲ ಕೆಟ್ಟಿತೆ?

ಮಳೆ ತಪ್ಪಿದ ವರ್ಷದಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಮೊದಲು ಕೇಳಿಬರುವ ಮಾತು ‘ಕಾಲ ಕೆಟ್ಟಿತು’ ಎಂಬುದು. ಕೃತಯುಗದಿಂದ ಕಲಿಯುಗದವರೆಗೆ ಧರ್ಮವು ಒಂದೊಂದೇ ಪಾದವನ್ನು ಕಳೆದುಕೊಂಡಿತೆಂಬ ಪುರಾಣದ ಎಣಿಕೆ ಇದಕ್ಕೆ ಆಧಾರ. ನವೀನ ವಿದ್ಯಾವಂತರಾದರೋ ಲೋಕವು ದಿನೇ ದಿನೇ ಮೇಲೇರುತ್ತಿದೆ ಎನ್ನುವರು. ಉಭಯ ಪಕ್ಷದವರೂ ಕರ್ತೃತ್ವವನ್ನು ಕಾಲಕ್ಕೇ ಕೊಡುತ್ತಾರೆ. ಶರಣರು ಒಪ್ಪದಿರುವುದು ಇದನ್ನೇ. ಯುಗಗಳ ಹೆಸರನ್ನು ಅವರೂ ಬಳಸಿದ್ದುಂಟು. ಆದರೆ ತಿಥಿ, ವಾರ, ನಕ್ಷತ್ರಗಳಲ್ಲಿ ಶುಭಾಶುಭವಿಲ್ಲವೆಂದವರು ಯುಗದಲ್ಲಿ ಮಾತ್ರ ಅದನ್ನು ಹೇಗೆ ಒಪ್ಪಿಯಾರು?

ಈ ನಾಡಿನ ನೀರಿನಲ್ಲಿಯೇ ಇದನ್ನು ಪರೀಕ್ಷಿಸಬಹುದು. ದುರ್ಗದ ಕೋಟೆಯ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಇಳಿಯುವಂತೆ ಹಿರಿಯರು ಏರ್ಪಡಿಸಿದ್ದರು. ಅದನ್ನು ಕಂಡವರಿಗೆ ಹಿಂದಿನ ಕಾಲವೇ ಲೇಸೆನಿಸುವುದು ಸಹಜ. ಆದರೆ ಅದೇ ಹಿಂದಿನ ಕಾಲದಲ್ಲಿ ಪ್ರಜೆಗಳು ಮುತ್ತಿಗೆಯ ಮೇಲೆ ಮುತ್ತಿಗೆಯನ್ನು ಸಹಿಸಿದರು. 1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ಮುಂದೆ 1876–78ರ ಧಾತು, ಈಶ್ವರ ಸಂವತ್ಸರಗಳ ಬರ ಬಂದಿತು. 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬೆಳೆ ಹೋದ ವರ್ಷ ಊರಿಗೆ ಊರೇ ಹಸಿವಿನಿಂದ ಸಾಯುವುದು ಇಂದು ಇಲ್ಲ. ಸಿಡುಬು ಇಲ್ಲ. 1951ರ ಸುಮಾರಿಗೆ ದೇಶದಲ್ಲಿ ಸರಾಸರಿ ಆಯುಷ್ಯ ಮೂವತ್ತೆರಡು ವರ್ಷ. ಈಗ ಎಪ್ಪತ್ತರ ಆಸುಪಾಸು. ಇವುಗಳನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಇವು ಕಾಲದ ಕೊಡುಗೆಗಳಲ್ಲ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ ಸುಮಾರು ಒಂಬತ್ತು ವರ್ಷ ಕಲ್ಲು ಹೊತ್ತ ಕೈಗಳು ಕಾಯಕದ ಕೈಗಳು. ಮೂವತ್ತು ಟಿ.ಎಂ.ಸಿ. ನೀರು ಹಿಡಿಯುವ ಆ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿಬಿದ್ದಿತು. ಮರಳಿ ಕೋಡಿಬಿದ್ದುದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. 2022ರ ಒಳ್ಳೆಯ ಮಳೆಯೊಡನೆ 2019ರಿಂದ ಹರಿಸಲಾರಂಭಿಸಿದ ಭದ್ರೆಯ ನೀರೂ ಅದಕ್ಕೆ ನೆರವಾಯಿತು. 2025ರ ಜನವರಿಯಲ್ಲಿ ಪುನಃ ಕೋಡಿ ಹರಿಯಿತು.

ಹಾಗಾದರೆ ಲೋಕವು ಸುಧಾರಿಸಿತೆನ್ನೋಣವೆ? ಅವಸರವಾದೀತು. ಮೇಲೆ ಸಾಗರ ತುಂಬಿದರೂ ಕೆಳಗೆ ನೆಲದ ಹೊಟ್ಟೆ ಬರಿದಾಗಿದೆ. ಅಜ್ಜನ ಕಾಲದಲ್ಲಿ ಕಪಿಲೆ ಬಾವಿಯಲ್ಲಿ ಎತ್ತು ದಣಿದರೆ ನೀರೆತ್ತುವುದೂ ನಿಲ್ಲುತ್ತಿತ್ತು. ಆ ದಣಿವೇ ಒಂದು ಮಿತಿ. ವಿದ್ಯುತ್ ಪಂಪಿಗೆ ದಣಿವಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ ತೆಂಗಿನ ತೋಟಗಳಿಗಾಗಿ ಕೊಳವೆಬಾವಿಗಳು ನೂರಾರು ಅಡಿ ಇಳಿದಿವೆ. ಮಳೆಯು ಇಂಗಿಸಿದುದಕ್ಕಿಂತ ಹೆಚ್ಚಾಗಿ ಎತ್ತಿದುದರಿಂದ ಬರದ ವರ್ಷಗಳಲ್ಲಿ ಫಲ ಕೊಡುವ ಮರಗಳೇ ಒಣಗಿದವು. ಎಷ್ಟೋ ಹಳ್ಳಿಗಳಲ್ಲಿ ಆಳದಿಂದ ಬಂದ ನೀರು ಫ್ಲೋರೈಡನ್ನೂ ತಂದು ಮಕ್ಕಳ ಹಲ್ಲನ್ನು ಕೆಡಿಸಿತು.

ವಚನಧರ್ಮದಲ್ಲಿ ಪದಾರ್ಥ ಬೇರೆ, ಪ್ರಸಾದ ಬೇರೆ. ಅರ್ಪಿಸದೆ ಭೋಗಿಸಿದುದು ಪದಾರ್ಥವಾಗಿಯೇ ಉಳಿಯುವುದು. ಅರ್ಪಿತವು ಪೂಜೆಯ ಕೋಣೆಯಲ್ಲಿಯೇ ಮುಗಿಯುವ ಕ್ರಿಯೆಯೆಂದು ಭಾವಿಸುವ ಭಕ್ತರು ಅನೇಕರು. ಆದರೆ ಇತರರ ಪಾಲನ್ನು ಉಳಿಸದೆ ತಾನೊಬ್ಬನೇ ಎತ್ತಿಕೊಂಡುದು ಲಿಂಗಕ್ಕೆ ಸಂದುದು ಹೇಗೆ? ದಾಸೋಹದಲ್ಲಿ ಉಣ್ಣುವವರ ಪಂಕ್ತಿಗೆ ಇನ್ನೂ ಹುಟ್ಟದವರೂ ಸೇರಿದ್ದಾರೆ. ಬರದಲ್ಲಿ ಸತ್ತ ಪೂರ್ವಿಕರಿಗಿಂತ ಇಂದಿನ ಒಕ್ಕಲಿಗನು ಸುಖಿ, ನಿಜ. ಆ ಸುಖದ ಒಂದು ಭಾಗವು ದುಡಿದು ಗಳಿಸಿದುದು, ಇನ್ನೊಂದು ಭಾಗವು ಮೊಮ್ಮಕ್ಕಳಿಂದ ಕೇಳದೆ ತಂದ ಸಾಲ. ಲೋಕವು ಮೇಲೋ ಕೀಳೋ ಎಂದು ತೂಗುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಮೊತ್ತವನ್ನು ಹೇಳುವರು. ಸಾಲವನ್ನು ಗಳಿಕೆಯೆಂದು ಬರೆಯುವ ಲೆಕ್ಕ ಅದು.

ಬೇಸಗೆಯಲ್ಲಿ ಒಂದು ತೋಟದ ಬಾವಿ ಬತ್ತಿದರೆ ಒಡೆಯನು ಇನ್ನೂ ಇನ್ನೂರು ಅಡಿ ಕೊರೆಸುತ್ತಾನೆ. ಮರುವಾರ ನೆರೆಯವನ ಬಾವಿ ಬತ್ತುತ್ತದೆ. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಕಾಲವನ್ನು ಹಳಿಯುತ್ತಾರೆ. ಊರ ಕೆರೆಯ ಹೂಳು ಅವರ ಕಣ್ಣೆದುರಿಗೇ ಇದೆ.