ಗಾಳ ಹಾಕೋ ಮುಂಚೆ: ಈ ನೀರು ಯಾರದ್ದು?

ಫ್ಲೈ ಫಿಶಿಂಗ್ ವಿಡಿಯೋ ನೋಡಿ ನೋಡಿ ನಮಗೂ ಹುಚ್ಚು ಹಿಡಿದದ್ದು ಮೂರನೇ ಸೆಮಿಸ್ಟರ್‌ನಲ್ಲಿ. ಮೂರು ಜನ ದುಡ್ಡು ಹಾಕಿ ಒಂದು ರಾಡ್ ತರಿಸಿದ್ವಿ. ವಿಡಿಯೋಗಳಲ್ಲೆಲ್ಲ ಟ್ರೌಟ್ ಮೀನು, ಕಲ್ಲುಗಳ ನಡುವೆ ಹರಿಯೋ ತಣ್ಣನೆ ಹಳ್ಳ. ಹಾಸನದ ಸುತ್ತ ಅಂಥದ್ದು ಎಲ್ಲಿದೆ ಅಂತ ಹುಡುಕಿದ್ವಿ. ಎಲ್ಲೂ ಇಲ್ಲ.

ಯಾಕಿಲ್ಲ ಅನ್ನೋದಕ್ಕೆ ಮೊದಲ ವರ್ಷದ ಕೆಮಿಸ್ಟ್ರಿ ಸಾಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11.3 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8.3. ಟ್ರೌಟ್‌ಗೆ ತಣ್ಣೀರೂ ಬೇಕು, ಉಸಿರೂ ಜಾಸ್ತಿ ಬೇಕು. ಹಾಸನ ಇರೋದು ಸುಮಾರು 950 ಮೀಟರ್ ಎತ್ತರದಲ್ಲಿ, ಊಟಿ 2,200 ಮೀಟರ್ ದಾಟುತ್ತೆ. ಅದಕ್ಕೇ ಬ್ರಿಟಿಷರು 20ನೇ ಶತಮಾನದ ಆರಂಭದಲ್ಲಿ ಟ್ರೌಟ್ ತಂದು ಬಿಟ್ಟಿದ್ದು ನೀಲಗಿರಿಯ ಹೊಳೆಗಳಿಗೆ. ನಮ್ಮ ಹೇಮಾವತಿಗಲ್ಲ.

ಹಾಗಂತ ರಾಡ್ ಮೂಲೆಗೆ ಹಾಕಬೇಕಿಲ್ಲ. ಗರಿ, ನೂಲು ಸುತ್ತಿ ಹುಳದ ಥರ ಮಾಡಿದ ಗಾಳಕ್ಕೆ ಜಿಲೇಬಿ ಮೀನು ಬಾಯಿ ಹಾಕುತ್ತೆ, ಸಣ್ಣ ಗೆಂಡೆಗಳೂ ಬರ್ತವೆ. ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನ ಎಳೆದುಕೊಂಡು ಹೋಗುತ್ತೆ. ಇಲ್ಲಿ ಗಾಳಕ್ಕೆ ತೂಕವೇ ಇಲ್ಲ, ದಾರದ ತೂಕವೇ ಗಾಳವನ್ನ ಒಯ್ಯಬೇಕು. ನಮ್ಮ 5 ನಂಬರ್ ದಾರದ ಮೊದಲ 30 ಅಡಿ ತೂಗೋದು ಬರೀ 9 ಗ್ರಾಂ. ಹಿಂದಕ್ಕೆ ಬೀಸಿದ ಮೇಲೆ ದಾರ ಪೂರ್ತಿ ನೆಟ್ಟಗಾಗೋವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ. ಅವಸರ ಮಾಡಿದ್ರೆ ಗಾಳ ಸಿಕ್ಕಿಕೊಳ್ಳೋದು ಕಿವಿಗೇ. (ನಮ್ಮಲ್ಲೊಬ್ಬನಿಗೆ ಟಿಟಿ ಇಂಜೆಕ್ಷನ್ ಆಗಿದೆ.) ಹಾಸ್ಟೆಲ್ ಮೈದಾನದಲ್ಲಿ ಗಾಳ ಬಿಚ್ಚಿಟ್ಟು ಅಭ್ಯಾಸ ಮಾಡೋದು ವಾಸಿ.

ಬೀಸೋದು ಕಲಿತುಬಿಡಬಹುದು. ಕಷ್ಟ ಇರೋದು ಎಲ್ಲಿ ಬೀಸಬೇಕು ಅನ್ನೋದರಲ್ಲಿ. ನಾವು ಪಾಠ ಕಲಿತದ್ದು ಬೂವನಹಳ್ಳಿ ಕಡೆಯ ಒಂದು ಕೆರೆಯಲ್ಲಿ. ಬೆಳಿಗ್ಗೆಯಿಂದ ಫ್ಲೈಗೆ ಏನೂ ಬೀಳದೆ, ನಾಚಿಕೆ ಬಿಟ್ಟು ಮುದ್ದೆಯ ಉಂಡೆ ಸಿಕ್ಕಿಸಿದ್ವಿ. ಅಂಗೈ ಅಗಲದ ರೋಹು ಒಂದು ಬಿತ್ತು. ಅಷ್ಟರಲ್ಲಿ ಕೋಡಿ ಕಡೆಯಿಂದ ಒಬ್ಬರು ಸೈಕಲ್ ತಳ್ಳಿಕೊಂಡು ಬಂದ್ರು.

"ಯಾರನ್ನ ಕೇಳಿ ಗಾಳ ಹಾಕಿದ್ರಪ್ಪ?"

"ಸರ್ಕಾರಿ ಕೆರೆ ಅಲ್ವಾ ಅಣ್ಣ?"

"ನೀರು ಸರ್ಕಾರದ್ದು. ಮೀನು ನಮ್ದು. ಸಾಲ ಮಾಡಿ ಮರಿ ಬಿಟ್ಟಿರೋರು ನಾವು."

ಬೈಯಲಿಲ್ಲ. ಚೀಲದಲ್ಲಿದ್ದ ಮೀನನ್ನ ಕೈಯಲ್ಲಿ ತೂಗಿ ನೋಡಿ, "ಬೇಸಿಗೆವರೆಗೆ ಬಿಟ್ಟಿದ್ರೆ ಕೆ.ಜಿ. ಹತ್ರ ಬರ್ತಿತ್ತು" ಅಂದ್ರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲಿಲ್ಲ.

ಆಮೇಲೆ ಗೊತ್ತಾದ ವಿಷಯ: ಕೆರೆ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತೆ. ದೊಡ್ಡ ಕೆರೆಗಳದ್ದು ಮೀನುಗಾರಿಕೆ ಇಲಾಖೆಯಿಂದ, ಸಣ್ಣವು ಗ್ರಾಮ ಪಂಚಾಯಿತಿಯಿಂದ. ಅದಕ್ಕೆ ಮೊದಲು ಪಂಚಾಯಿತಿಯಲ್ಲಿ ಕೇಳಿ, ಆಮೇಲೆ ಗುತ್ತಿಗೆದಾರರನ್ನೇ ನೋಡಿ. ಒಂದು ಟೀ ಕುಡಿಸಿ ವಿಷಯ ಹೇಳಿದ್ರೆ, ಹಿಡಿದು ವಾಪಸ್ ಬಿಡೋರಿಗೆ ಬೇಡ ಅನ್ನೋರು ಕಡಿಮೆ.

ಹೊಳೆ ಬೇರೆ ಲೆಕ್ಕ. ಅಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯಿದೆ ಇದೆ, ಪರವಾನಗಿ ಬಗ್ಗೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲೇ ವಿಚಾರಿಸಬೇಕು. ಜಾಗ ಹುಡುಕೋಕೆ ನಮ್ಮ ಉಪಾಯ ಸುಲಭ: ಸ್ಯಾಟಲೈಟ್ ಮ್ಯಾಪಲ್ಲಿ ಸೇತುವೆ ನೋಡೋದು. ರಸ್ತೆ ಹೊಳೆಯನ್ನ ದಾಟೋ ಕಡೆ ಯಾರ ತೋಟಕ್ಕೂ ನುಗ್ಗದೆ ನೀರಿನ ಹತ್ರ ಹೋಗೋ ದಾರಿ ಸಿಗೋದು ಹೆಚ್ಚು. ಹೊಳೆನರಸೀಪುರ ಇರೋದೇ ಹೇಮಾವತಿ ದಡದಲ್ಲಿ. ಆದರೆ ಅದು ಗೊರೂರು ಅಣೆಕಟ್ಟಿನ ಕೆಳಗಿನ ಹೊಳೆ. ಮೇಲೆ ಗೇಟ್ ತೆಗೆದ್ರೆ, ಇಲ್ಲಿ ಮಳೆಯೇ ಇಲ್ಲದಿದ್ರೂ ನೀರು ಏರುತ್ತೆ. ನಡುಬಂಡೆ ಮೇಲೆ ನಿಂತು ಬೀಸೋ ಆಸೆ ಬೇಡ. ದಡದ ಕಲ್ಲೊಂದಕ್ಕೆ ನೀರಿನ ಮಟ್ಟದಲ್ಲಿ ಗುರುತು ಹಾಕಿ, ಅದು ಮುಳುಗೋಕೆ ಶುರುವಾದ್ರೆ ಮೇಲೆ ಬಂದುಬಿಡಿ. ಈಜು ಬರುತ್ತೆ ಅನ್ನೋದು ಇಲ್ಲಿ ಕೆಲಸಕ್ಕೆ ಬರಲ್ಲ.

ಗಾಳ ಹಾಕಲೇಬಾರದ ಜಾಗವೂ ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿ ಪುಷ್ಕರಣಿಯ ಹತ್ರ, ಭಕ್ತರು ಮೀನಿಗೆ ತಿಂಡಿ ಹಾಕ್ತಾರೆ, ಯಾರೂ ಹಿಡಿಯಲ್ಲ. ದೊಡ್ಡ ಮೀನು ಗುಂಪುಗುಂಪಾಗಿ ಕಾಲ ಹತ್ರವೇ ಬರ್ತವೆ. ನಾವು ರಾಡ್ ತರದೆ ಹೋಗಿ ಒಂದು ಮಧ್ಯಾಹ್ನ ಕೂತಿದ್ವಿ. ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತೆ ಅಂತ ವಿಡಿಯೋದಲ್ಲಿ ಹೇಳಿದ್ದು ನಿಜ ಅಂತ ಅಲ್ಲೇ ಕಣ್ಣಾರೆ ಕಂಡಿದ್ದು. ಕಾವೇರಿ ಬಯಲಿನ ಡುಬ್ಬದ ಬಿಳಿಮೀನು, ಅಂದ್ರೆ ಮಹಶೀರ್, 2018ರಿಂದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಕಟ್ಟಕಡೆಯ ಅಂಚಿನ ವರ್ಗದಲ್ಲಿದೆ. ಹೊಳೆಯಲ್ಲಿ ಎಲ್ಲಾದ್ರೂ ಅಪ್ಪಿತಪ್ಪಿ ಬಿದ್ರೆ ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಗಾಳ ಬಿಡಿಸಿ. ಗಾಳದ ಮುಳ್ಳನ್ನ ಇಕ್ಕಳದಿಂದ ಮೊದಲೇ ಅಮುಕಿಟ್ಟಿದ್ರೆ ಅದು ಎರಡು ಸೆಕೆಂಡಿನ ಕೆಲಸ.

ಮಳೆಗಾಲದ ಕೆಂಪು ನೀರಲ್ಲಿ ಮೀನಿಗೆ ಫ್ಲೈ ಕಾಣಲ್ಲ, ಮೊಟ್ಟೆ ಇಡೋ ಕಾಲವೂ ಅದೇ. ಹೊಳೆ ತಿಳಿಯಾದ ಮೇಲೆ ಹೊರಡಿ. ಸೈಕಲ್ ಅಣ್ಣನ ಕೆರೆಗೆ ನಾವು ಹೋದ ತಿಂಗಳು ಮತ್ತೆ ಹೋಗಿದ್ವಿ, ಕೇಳಿಕೊಂಡೇ. "ಜಿಲೇಬಿ ಎಷ್ಟು ಬೇಕಾದ್ರೂ ಹಿಡೀರಿ, ನನ್ನ ಮರಿಗಳ ಮೇವೆಲ್ಲ ಅವೇ ತಿಂತವೆ" ಅಂದ್ರು. ಸಂಜೆವರೆಗೆ ಫ್ಲೈಗೇ ನಾಲ್ಕು ಬಿದ್ದವು.