ಮನೆಯ ನೆನಪು ಗೋಡೆಯ ಮೇಲಿರಲಿ

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಶಾಲೆಗೆ ಹೋಗುವ ಮಕ್ಕಳಿರುವ, ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಿರುವ ಮನೆಯಲ್ಲಿ ಕೆಲಸ ಮಾಡುವುದಕ್ಕಿಂತ ಅದನ್ನು ನೆನಪಿಟ್ಟುಕೊಳ್ಳುವುದೇ ಹೆಚ್ಚು ದಣಿಸುತ್ತದೆ. ಹಾಲಿನವರಿಗೆ ಎಷ್ಟು ಬಾಕಿ, ಅತ್ತೆಯ ಮಾತ್ರೆ ಎಂದಿಗೆ ಮುಗಿಯುತ್ತದೆ, ಮಗಳಿಗೆ ಬಿಳಿ ಯೂನಿಫಾರ್ಮ್ ಯಾವ ದಿನ, ನಾಳೆ ತಿಂಡಿಗೇನು? ಇಷ್ಟೂ ಸಾಮಾನ್ಯವಾಗಿ ಒಬ್ಬಳ ತಲೆಯಲ್ಲೇ ಇರುತ್ತದೆ. ಅವಳು ಎರಡು ದಿನ ಜ್ವರದಲ್ಲಿ ಮಲಗಿದರೆ ಇಡೀ ಮನೆ ತಡವರಿಸುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸುಮಾರು 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಬಸ್ಸಿನಲ್ಲಿ ಕೂತು ಸಂಜೆಯ ಸಾರಿನ ಯೋಚನೆ ಮಾಡುವುದನ್ನು ಯಾವ ನಿಮಿಷದಲ್ಲಿ ಹಿಡಿಯಲು ಸಾಧ್ಯ? ಮನೆ ಅಚ್ಚುಕಟ್ಟು ಮಾಡಲು ಹೊರಟವರು ಹೊಸ ಡಬ್ಬಗಳನ್ನು ಕೊಳ್ಳುವ ಮೊದಲು ಈ ಭಾರ ಇಳಿಸಬೇಕು.

ಮೊದಲ ಕೆಲಸ ಬರೆಯುವುದು. ಅಡುಗೆಮನೆಯಲ್ಲಿ ಒಂದು ನೋಟ್‌ಬುಕ್ಕು, ಪೆನ್ನು ಇಟ್ಟು ಒಂದು ವಾರ, ನೆನಪಾದ ಪ್ರತಿ ಕೆಲಸವನ್ನೂ ನೆನಪಾದ ಗಳಿಗೆಯಲ್ಲೇ ಬರೆಯಿರಿ. ಸಣ್ಣದೆಂದು ಬಿಡಬೇಡಿ. ವಾರದ ಕೊನೆಗೆ ಪಟ್ಟಿಯನ್ನು ಮನೆಯವರೆಲ್ಲ ಕೂತು ಓದಿ. ಅದರ ಉದ್ದ ನೋಡಿದ ಮೇಲೆ ಕೆಲಸ ಹಂಚಿಕೊಳ್ಳುವ ಮಾತಿಗೆ ಹೆಚ್ಚು ವಾದ ಬೇಕಾಗುವುದಿಲ್ಲ.

ಆಮೇಲೆ ಕ್ಯಾಲೆಂಡರ್. ಹೊಸ ಸಿಲಿಂಡರ್ ಹಚ್ಚಿದ ದಿನ, ಹಾಲು ಬಾರದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದನ್ನೇ ಬೆಳೆಸಿ. ದೊಡ್ಡ ಚೌಕಗಳಿರುವ ಕ್ಯಾಲೆಂಡರ್ ತಂದು ಪರೀಕ್ಷೆ, ಶಾಲೆಯ ಫೀಸು, ಕರೆಂಟ್ ಬಿಲ್ಲಿನ ಕೊನೆಯ ದಿನ, ಡಾಕ್ಟರ ಭೇಟಿ, ಕೆಲಸದವರ ರಜೆ ಎಲ್ಲವನ್ನೂ ಅದರಲ್ಲೇ ಬರೆಯಿರಿ. ಮಾತ್ರೆ ಮುಗಿಯುವ ದಿನ ಬರೆಯಬೇಡಿ, ಅದಕ್ಕೆ ಐದು ದಿನ ಮೊದಲು ‘ಮಾತ್ರೆ ತರಬೇಕು’ ಎಂದು ಬರೆಯಿರಿ. ಮೊಬೈಲ್ ಆ್ಯಪ್ ಬಳಸುವವರು ಬಳಸಲಿ, ಆದರೆ ಅಜ್ಜಿಗೂ ಮೊಮ್ಮಗನಿಗೂ ಒಟ್ಟಿಗೆ ಕಾಣುವುದು ಗೋಡೆಯೇ.

ಹೆಚ್ಚಿನ ಮನೆಗಳು ಎಡವುವುದು ಕೆಲಸ ಹಂಚುವಾಗ. ‘ಸ್ವಲ್ಪ ಸಹಾಯ ಮಾಡಿ’ ಎಂದು ಕೇಳಬೇಡಿ. ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಒಪ್ಪಿಸಿ. ದಿನಸಿ ಗಂಡನ ಪಾಲಿಗೆ ಬಂತೆನ್ನಿ. ಡಬ್ಬಗಳಲ್ಲಿ ಏನು ಮುಗಿದಿದೆ ಎಂದು ನೋಡುವುದು, ಚೀಟಿ ಬರೆಯುವುದು, ತರುವುದು, ತುಂಬಿಡುವುದು ಎಲ್ಲವೂ ಅವರದೇ. ಅಂಗಡಿಯಲ್ಲಿ ನಿಂತು ‘ಏನೇನು ತರಲಿ?’ ಎಂದು ಫೋನ್ ಮಾಡಿದರೆ ಕೆಲಸ ಇನ್ನೂ ನಿಮ್ಮ ಬಳಿಯೇ ಇದೆ ಎಂದರ್ಥ. ಒಪ್ಪಿಸಿದವರಿಗೂ ಒಂದು ಮಾತು: ಸೋನಾಮಸೂರಿ ಬದಲು ಬೇರೆ ಅಕ್ಕಿ ಬಂದರೆ ಆ ತಿಂಗಳು ಅದನ್ನೇ ಉಣ್ಣಿ. ಪ್ರತಿಯೊಂದನ್ನೂ ತಿದ್ದುತ್ತ ಕೂತರೆ ಯಾರೂ ಎರಡನೇ ಸಲ ಕೈಹಾಕುವುದಿಲ್ಲ. ಎಂಟು ವರ್ಷದ ಮಗು ನೀರಿನ ಬಾಟಲಿ ತುಂಬಿ, ಊಟದ ತಟ್ಟೆ ಹಾಕಬಲ್ಲದು. ಹದಿಮೂರರ ಹುಡುಗ ತನ್ನ ಬಟ್ಟೆ ಮಡಚಿಟ್ಟು, ಕುಕ್ಕರಿನಲ್ಲಿ ಅನ್ನಕ್ಕಿಡಬಲ್ಲ. ಹುಡುಗರು ಎಂದು ಬಿಡಬೇಡಿ.

ಅಡುಗೆಗೆ ವಾರದಲ್ಲಿ ಒಂದು ಹೊತ್ತು ಮೀಸಲಿಡಿ. ಭಾನುವಾರ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ ನೆನೆಹಾಕಿ ರುಬ್ಬಿಟ್ಟರೆ, ಹುದುಗು ಬಂದ ಮೊದಲ ದಿನ ಇಡ್ಲಿ, ಮಾರನೆಯ ದಿನ ದೋಸೆ, ಸ್ವಲ್ಪ ಹುಳಿಯಾದಾಗ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು. ಮೂರು ಬೆಳಗಿನ ಚಿಂತೆ ಕಳೆಯಿತು. ಹುದುಗು ಬಂದ ಕೂಡಲೇ ಹಿಟ್ಟನ್ನು ಫ್ರಿಜ್‌ನಲ್ಲಿಡಿ, ಆಯಾ ದಿನಕ್ಕೆ ಬೇಕಾದಷ್ಟಕ್ಕೆ ಮಾತ್ರ ಉಪ್ಪು ಹಾಕಿಕೊಳ್ಳಿ. ತೊಗರಿಬೇಳೆಯನ್ನು ಬೆಳಿಗ್ಗೆ ಒಟ್ಟಿಗೆ ಬೇಯಿಸಿ ಅರ್ಧಕ್ಕೆ ತರಕಾರಿ ಹಾಕಿ ಹುಳಿ ಮಾಡಿ, ಉಳಿದರ್ಧ ಸಂಜೆಯ ಸಾರಿಗೆ ಫ್ರಿಜ್ ಸೇರಲಿ. ಸೊಪ್ಪನ್ನು ತೊಳೆದು ಇಟ್ಟರೆ ಕೊಳೆಯುತ್ತದೆ. ಬೇರು ಕತ್ತರಿಸಿ, ಒಣ ಕಾಗದದಲ್ಲಿ ಸುತ್ತಿಟ್ಟು, ಬಳಸುವಾಗ ತೊಳೆಯಿರಿ. ಕಾಯಿ ತುರಿದು ಫ್ರೀಜರಿನಲ್ಲಿಟ್ಟರೆ ಬೆಳಗಿನ ಚಟ್ನಿ ಬೇಗ ಆಗುತ್ತದೆ.

ರಾತ್ರಿ ಊಟವಾದ ಮೇಲೆ ಯೂನಿಫಾರ್ಮ್, ಶೂ, ಚೀಲ, ಗಾಡಿಯ ಕೀ ಒಂದು ಜಾಗಕ್ಕೆ ಬರಲಿ. ಎಲ್ಲ ವಾರವೂ ಎಲ್ಲವೂ ಆಗಲೇಬೇಕೆಂದಿಲ್ಲ: ಹಬ್ಬದ ವಾರ, ಪರೀಕ್ಷೆಯ ವಾರ ಪಟ್ಟಿಯ ಅರ್ಧ ಕೆಲಸ ಬಿಟ್ಟರೂ ಏನೂ ಆಗುವುದಿಲ್ಲ.

ಕೊನೆಯದು ಕಾಗದ ಪತ್ರ. ವಿಮೆ, ಪಡಿತರ ಚೀಟಿ, ಗ್ಯಾಸಿನ ಪುಸ್ತಕ, ಮಕ್ಕಳ ಲಸಿಕೆ ಕಾರ್ಡು, ಹಿರಿಯರ ಔಷಧಿ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ. ಮೊದಲ ಪುಟದಲ್ಲಿ ಎಲ್ಲರ ರಕ್ತದ ಗುಂಪು, ಔಷಧಿ ಅಲರ್ಜಿ, ಡಾಕ್ಟರ ನಂಬರು ಬರೆಯಿರಿ. ಅದರ ಕೆಳಗೆ ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಗ್ಯಾಸ್ ಸೋರಿದರೆ 1906, ವಿದ್ಯುತ್ ದೂರಿಗೆ 1912. ಫೈಲನ್ನು ಬೀರುವಿನ ಲಾಕರಿನೊಳಗೆ ಇಡಬೇಡಿ. ಮನೆಯ ಪ್ರತಿಯೊಬ್ಬರೂ ಅದನ್ನು ಒಮ್ಮೆ ತಾವೇ ಹೋಗಿ ತೆಗೆದು ನೋಡಿರಲಿ.